ಎಲ್ಲಾ ಹೊಡೆದು ಹಾಕಿದ ಮೇಲೆ ಆ ಒಂದು ಎಲ್ಲಿಂದ ಬಂತು?

ಪ್ರಶ್ನೆ: ನಾನು ಗುಳೇದಗುಡ್ಡದಲ್ಲಿ ಮನೆಯಲ್ಲೇ ಹೊಲಿಗೆ ಕೆಲಸ ಮಾಡುತ್ತೇನೆ. ಖಣದ ಕುಪ್ಪಸವೇ ಜಾಸ್ತಿ. ನಾನು ಓದಿದ್ದು ಎಸ್ಸೆಸ್ಸೆಲ್ಸಿವರೆಗೆ. ಮಗ ಎಂಟನೇ ತರಗತಿ. ಬಹುಪದೋಕ್ತಿಯನ್ನು ಏಕಪದೋಕ್ತಿಯಿಂದ ಭಾಗಿಸುವ ಲೆಕ್ಕದಲ್ಲಿ ಅವನ ನೋಟ್‌ಬುಕ್ ತುಂಬ ಕೆಂಪು ಗೆರೆ. (12ಯ³ + 6ಯ² + 3ಯ) ÷ 3ಯ ಲೆಕ್ಕಕ್ಕೆ 4ಯ² + 2ಯ ಅಂತ ಬರೆದ. ಸರಿ ಉತ್ತರದಲ್ಲಿ ಕೊನೆಗೆ +1 ಇದೆ. 'ಮೇಲಿಂದು ಕೆಳಗಿಂದು ಹೊಡದು ಹಾಕಿದ ಮ್ಯಾಲೆ ಆ ಒಂದು ಎಲ್ಲಿಂದ ಬಂತವ್ವಾ?' ಅಂತ ಕೇಳುತ್ತಾನೆ. ನನಗೂ ಹೇಳಲು ಬರಲಿಲ್ಲ. ಇನ್ನೊಂದು ಲೆಕ್ಕ (8ಯ² + 5) ÷ 4ಯ. ಅದಕ್ಕೆ 2ಯ + 5 ಅಂತ ಬರೆದ. ಅದೂ ತಪ್ಪಂತೆ. ಹೇಗೆ ತಿಳಿಸಿ ಹೇಳಲಿ? ಇದರಿಂದ ಏನಾದರೂ ಉಪಯೋಗ ಇದೆಯೇ?

ಉತ್ತರ: ಅಕ್ಕಾವ್ರೆ, ಮೊದಲು ಒಂದು ಮಾತು. ನಿಮ್ಮ ಪತ್ರದಲ್ಲಿ ಎಕ್ಸ್ ಇತ್ತು. ನಾನು ಅದನ್ನು ತೆಗೆದು ಯ ಹಾಕಿದ್ದೇನೆ. ಅದಕ್ಕೊಂದು ಕಾರಣ ಇದೆ, ಮುಂದೆ ಹೇಳುತ್ತೇನೆ. ಲೆಕ್ಕ ಮಾತ್ರ ಅದೇ.

ನಿಮ್ಮ ಮಗನ ಪ್ರಶ್ನೆ ನನಗೆ ಬಹಳ ಹಿಡಿಸಿತು. ಆ ಪ್ರಶ್ನೆ ಕೇಳದೆ, ಸುಮ್ನೆ +1 ಅಂತ ತಿದ್ದಿಕೊಂಡು ಮುಂದೆ ಹೋಗುವ ಮಕ್ಕಳೇ ಜಾಸ್ತಿ. ಅವನ ತಪ್ಪಿಗೆ ಅರ್ಧ ಕಾರಣ ನಮ್ಮಂಥ ಮೇಷ್ಟ್ರುಗಳು. ವಿಜಯಪುರದಲ್ಲಿ ಇಷ್ಟು ವರ್ಷ ಗಣಿತ ಕಲಿಸಿದ್ದೇನೆ. ಅದರಲ್ಲಿ ಶುರುವಿನ ಎಷ್ಟೋ ವರ್ಷ ನಾನೂ ಬೋರ್ಡಿನ ಮುಂದೆ ನಿಂತು 'ಮೇಲಿಂದು ಕೆಳಗಿಂದು ಹೊಡದು ಹಾಕ್ರಿ' ಅಂತಲೇ ಹೇಳಿದವನು. ಹೇಳಲು ಸಲೀಸು. ಕೇಳಿದವರಿಗೆ ಏನು ಅರ್ಥ ಆಗುತ್ತದೆ? ಹೊಡೆದು ಹಾಕಿದ್ದು ಹೋಯಿತು, ಇನ್ನಿಲ್ಲ ಅಂತ. ಹುಡುಗರು ನಾವು ಹೇಳಿದ್ದನ್ನೇ ಮಾಡಿದರು.

ಒಂದು ದಿನ ಮಧ್ಯಾಹ್ನದ ಪಿರಿಯಡ್‌ನಲ್ಲಿ ಇದೇ ತರದ ಲೆಕ್ಕ ನಡೆದಿತ್ತು. ಕೊನೆಯ ಪದ 3ಯ, ಕೆಳಗೂ 3ಯ. ಬೋರ್ಡಿಗೆ ಬಂದ ಹುಡುಗ ಎರಡಕ್ಕೂ ಗೀಟು ಎಳೆದು, ಕೈ ಝಾಡಿಸಿ ನಿಂತ.

'ಏನು ಉಳೀತು?'

'ಏನೂ ಉಳೀಲಿಲ್ರೀ ಸರ. ಸೊನ್ನೆ.'

'ಹಂಗಾರ ಮೂರು ರೊಟ್ಟಿ ಅದಾವು, ಮೂರು ಮಂದಿ ಅದೀರಿ. ಹಂಚ್ರಿ. ಒಬ್ಬೊಬ್ಬರಿಗೆ ಎಷ್ಟು?'

'ಒಂದು ರೀ.'

'ಯಾಕ? ಮೂರಕ್ಕ ಮೂರು ಹೊಡದು ಹಾಕಿದಿ. ಸೊನ್ನೆ ಆಗಬೇಕಲ್ಲ?'

ಹಿಂದಿನ ಬೆಂಚಿನಿಂದ ಒಬ್ಬ, 'ಅಂದ್ರ ಮೂರೂ ಮಂದಿ ಉಪವಾಸ ರೀ ಸರ' ಅಂದ. ತರಗತಿ ತುಂಬ ನಗು. ಬೋರ್ಡಿನ ಮುಂದೆ ನಿಂತವನು ಮಾತ್ರ ನಗಲಿಲ್ಲ. ಅವನು ಗೀಟು ಎಳೆದ ಜಾಗವನ್ನೇ ನೋಡುತ್ತಿದ್ದ. ಆಮೇಲೆ ಸೀಮೆಸುಣ್ಣ ತೆಗೆದುಕೊಂಡು ಆ ಗೀಟಿನ ಪಕ್ಕದಲ್ಲಿ ಸಣ್ಣಗೆ 1 ಬರೆದ. ಅವತ್ತಿನಿಂದ ನಾನು 'ಹೊಡೆದು ಹಾಕು' ಅನ್ನುವುದನ್ನು ಬಿಟ್ಟೆ. 'ಪಾಲು ಹಾಕು' ಅನ್ನುತ್ತೇನೆ.

ಇಲ್ಲಿ ಇನ್ನೂ ಒಂದು ಗೊಂದಲ ಅಡಗಿದೆ. ಇದನ್ನು ಮನೆಯಲ್ಲಿ ಬಿಡಿಸಿ ಹೇಳಿದರೆ ಅರ್ಧ ಕೆಲಸ ಆದಂತೆ. ಸಮೀಕರಣ ಬಿಡಿಸುವಾಗ +5 ಮತ್ತು −5 ಎದುರಾದರೆ ಮಕ್ಕಳು ಎರಡಕ್ಕೂ ಗೀಟು ಎಳೆಯುತ್ತಾರೆ. ಅಲ್ಲಿ ಉಳಿಯುವುದು ಸೊನ್ನೆ, ಯಾಕೆಂದರೆ ಅದು ಕೂಡಿಸಿ ಕಳೆಯುವ ಕೆಲಸ. ಇಲ್ಲಿ ಮೇಲೆ 3ಯ, ಕೆಳಗೆ 3ಯ ಇದ್ದರೂ ಅದೇ ಗೀಟು ಎಳೆಯುತ್ತಾರೆ. ಆದರೆ ಇದು ಹಂಚುವ ಕೆಲಸ, ಉಳಿಯುವುದು 1. 3ಯ − 3ಯ ಸೊನ್ನೆ. 3ಯ ÷ 3ಯ ಒಂದು. ಎರಡು ಬೇರೆ ಬೇರೆ ಕೆಲಸಕ್ಕೆ ಒಂದೇ ಗೀಟು ಬಳಸಿದರೆ ಹುಡುಗ ಗಲಿಬಿಲಿ ಆಗದೆ ಇನ್ನೇನು ಆಗುತ್ತಾನೆ? ಅವನ ಪೆನ್ಸಿಲ್ಲಿಗೆ ಒಂದು ಹೊಸ ರೂಢಿ ಹಚ್ಚಿ. ಭಾಗಾಕಾರದಲ್ಲಿ ಗೀಟು ಎಳೆದಾಗಲೆಲ್ಲ ಅದರ ಪಕ್ಕ ಉಳಿದ ಅಂಕಿ ಬರೆಯಬೇಕು. 1 ಉಳಿದರೂ ಬರೆಯಬೇಕು.

ಈಗ ಇಡೀ ಲೆಕ್ಕಕ್ಕೆ ಬರೋಣ. ಏಕಪದೋಕ್ತಿ ಅಂದರೆ ಒಂದೇ ಪದ: 3ಯ, 7ಯ², −5, ಹೀಗೆ. ಅಂಥ ಪದಗಳನ್ನು ಕೂಡಿಸಿ ಅಥವಾ ಕಳೆದು ಸಾಲಾಗಿ ಇಟ್ಟರೆ ಬಹುಪದೋಕ್ತಿ. ಪದದ ಮುಂದಿನ ಅಂಕಿ ಸಹಗುಣಕ, ತಲೆಯ ಮೇಲೆ ಕೂತ ಸಣ್ಣ ಅಂಕಿ ಘಾತಾಂಕ. ಹೆಸರು ಇಷ್ಟು ಗೊತ್ತಿದ್ದರೆ ಸಾಕು.

ನಮ್ಮ ಕಡೆ ಹಳ್ಳಿಯಲ್ಲಿ ವಾಟ್ನಿ ಆಗುವುದನ್ನು ನೀವು ನೋಡಿರುತ್ತೀರಿ. ಮೂವರು ಅಣ್ಣತಮ್ಮಂದಿರು ಬೇರೆ ಆಗುತ್ತಾರೆ. ಮನೆಗೆ 12 ಎಕರೆ ಹೊಲ, 6 ಎಮ್ಮೆ, 3 ಲಕ್ಷ ಸಾಲ. ಹಿರಿಯರು ಕಟ್ಟೆಯ ಮೇಲೆ ಕೂತು ಏನು ಮಾಡುತ್ತಾರೆ? ಹೊಲ ಮೂರು ಪಾಲು, ಎಮ್ಮೆ ಮೂರು ಪಾಲು, ಸಾಲವೂ ಮೂರು ಪಾಲು. ಒಬ್ಬನಿಗೆ 4 ಎಕರೆ, 2 ಎಮ್ಮೆ, 1 ಲಕ್ಷ ಸಾಲ. ಬಹುಪದೋಕ್ತಿಯನ್ನು 3ರಿಂದ ಭಾಗಿಸುವುದು ಅಂದರೆ ಇಷ್ಟೇ. ಒಂದೊಂದು ಪದವನ್ನೂ ಬೇರೆ ಬೇರೆಯಾಗಿ ಭಾಗಿಸಿ, ಬಂದದ್ದನ್ನು ಅದರದರ ಚಿಹ್ನೆಯ ಜೊತೆ ಸಾಲಾಗಿ ಇಡುವುದು.

ಮಕ್ಕಳು ಮಾಡುವ ತಪ್ಪುಗಳೆಲ್ಲ ಈ ವಾಟ್ನಿಯಲ್ಲಿ ಕಾಣುತ್ತವೆ. ಕೆಲವರು ಮೊದಲ ಪದ ಮಾತ್ರ ಭಾಗಿಸಿ ಉಳಿದದ್ದನ್ನು ಹಾಗೇ ಇಳಿಸುತ್ತಾರೆ. ಅಂದರೆ ಹೊಲ ಮೂರು ಪಾಲು ಆಯಿತು, ಎಮ್ಮೆ ಮಾತ್ರ ಒಬ್ಬೊಬ್ಬನಿಗೂ ಆರಾರು! ಇರುವುದೇ ಆರಲ್ವಾ? ಕೆಲವರು ಮೈನಸ್ ಚಿಹ್ನೆ ಮರೆಯುತ್ತಾರೆ, ಸಾಲ ಹೋಗಿ ಗಂಟು ಆಗುತ್ತದೆ. ನಿಮ್ಮ ಮಗನ ತರದವರು ಕೊನೆಯ ಪದವನ್ನೇ ಕಳೆದುಬಿಡುತ್ತಾರೆ. ಮೂರು ಲಕ್ಷಕ್ಕೆ ಮೂರು ಮಂದಿ, ಹೊಡೆದು ಹೋಯಿತು, ಸಾಲ ಇಲ್ಲ ಅಂದರೆ ಕೊಟ್ಟವರು ಕೇಳುತ್ತಾರೆಯೇ? ಇನ್ನು 4 ಎಕರೆಗೆ 2 ಎಮ್ಮೆ ಕೂಡಿಸಿ 6 ಅನ್ನುವವರೂ ಇದ್ದಾರೆ. 4ಯ² ಮತ್ತು 2ಯ ಬೇರೆ ಜಾತಿ, ಕೂಡಿಸಲು ಬರುವುದಿಲ್ಲ. ಪಕ್ಕ ಪಕ್ಕ ಇರಲಿ.

ಹೊಲ ಎಮ್ಮೆ ಬೇಡ, ಬಟ್ಟೆಯಲ್ಲೇ ಹೇಳಿ ಅಂದರೆ ಅದೂ ಆಗುತ್ತದೆ. ಒಂದೇ ಪನ್ನಾದ ಎರಡು ತುಂಡು ಬಟ್ಟೆ ನಿಮ್ಮ ಮುಂದೆ ಇವೆ ಅಂದುಕೊಳ್ಳಿ. ಪನ್ನಾ, ಅಂದರೆ ಬಟ್ಟೆಯ ಅಗಲ, 3ಯ. ಒಂದು ತುಂಡಿನ ವಿಸ್ತೀರ್ಣ 12ಯ², ಇನ್ನೊಂದರದು 6ಯ. ಉದ್ದ ಬೇಕಾದರೆ ವಿಸ್ತೀರ್ಣವನ್ನು ಪನ್ನಾದಿಂದ ಭಾಗಿಸಬೇಕು. ಮೊದಲನೆಯದು 4ಯ ಉದ್ದ, ಎರಡನೆಯದು 2. ಎರಡನ್ನೂ ಉದ್ದಕ್ಕೆ ಜೋಡಿಸಿ ಹೊಲಿದರೆ 4ಯ + 2. ಜೋಡಿಸಿದ ಮೇಲೆ ಅಳೆದರೂ ಅಷ್ಟೇ, ಜೋಡಿಸುವ ಮೊದಲು ಅಳೆದು ಕೂಡಿಸಿದರೂ ಅಷ್ಟೇ. ಪದ ಪದ ಬಿಡಿಸಿ ಭಾಗಿಸಬಹುದು ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ನನಗೆ ಸಿಕ್ಕಿಲ್ಲ.

ಒಂದು ಪದವನ್ನು ಒಂದು ಪದದಿಂದ ಭಾಗಿಸುವುದು ಸರಿಯಾಗಿ ಬಂದರೆ ಉಳಿದದ್ದು ಬಂದಂತೆ. 12ಯ³ ÷ 3ಯ. ಅಂಕಿಗೆ ಅಂಕಿ: 12 ÷ 3 = 4. ಅಕ್ಷರಕ್ಕೆ ಅಕ್ಷರ: ಯ³ ಅಂದರೆ ಯ × ಯ × ಯ. ಕೆಳಗೆ ಒಂದು ಯ ಇದೆ. ಒಂದು ಜೋಡಿ ಪಾಲಾಗಿ 1 ಆಯಿತು, ಮೇಲೆ ಎರಡು ಉಳಿದವು. ಉತ್ತರ 4ಯ². ಘಾತಾಂಕ ಕಳೆಯಬೇಕು ಅನ್ನುವ ನಿಯಮ ಇಲ್ಲಿಂದ ಬಂದದ್ದು. ಇದನ್ನು ಬಿಡಿಸಿ ಬರೆಸದೆ ನಿಯಮ ಬಾಯಿಪಾಠ ಮಾಡಿಸಿದರೆ ಕೆಲವು ಹುಡುಗರು ಯ⁶ ÷ ಯ² = ಯ³ ಅನ್ನುತ್ತಾರೆ. ಭಾಗಾಕಾರ ಅಲ್ವಾ, 6ನ್ನು 2ರಿಂದ ಭಾಗಿಸಿದೆ ಅನ್ನುತ್ತಾರೆ. ಯ ಜಾಗದಲ್ಲಿ 2 ಹಾಕಿ ನೋಡಲು ಹೇಳಿ. ಮೇಲೆ 64, ಕೆಳಗೆ 4, ಉತ್ತರ 16. ಎರಡನ್ನು ನಾಲ್ಕು ಸಲ ಗುಣಿಸಿದರೆ 16. ಹಾಗಾಗಿ ಯ⁴. ಮೂರು ಸಲ ಗುಣಿಸಿದರೆ ಬರೀ 8.

ಯ ಮೇಲೆ ಸೊನ್ನೆ ಘಾತಾಂಕ ಬಂದರೆ ಯಾಕೆ 1 ಅಂತ ಮುಂದೆ ಅವನು ಕೇಳಬಹುದು. ಎರಡರ ಮೆಟ್ಟಿಲು ಇಳಿಸಿ ತೋರಿಸಿ. 8, 4, 2. ಪ್ರತಿ ಮೆಟ್ಟಿಲಿಗೂ ಘಾತಾಂಕ ಒಂದು ಕಡಿಮೆ, ಬೆಲೆ ಅರ್ಧ. 2ಕ್ಕೆ ಘಾತಾಂಕ 1. ಇನ್ನೊಂದು ಮೆಟ್ಟಿಲು ಇಳಿದರೆ ಘಾತಾಂಕ 0, ಎರಡರ ಅರ್ಧ 1. ಅಲ್ಲಿಗೆ ಮುಗಿಯಿತು.

ಈಗ ನಿಮಗೆ ಒಂದು ಉಪಾಯ ಹೇಳುತ್ತೇನೆ. ಇದು ಗೊತ್ತಿದ್ದರೆ ಮಗನ ಲೆಕ್ಕ ಸರಿಯೋ ತಪ್ಪೋ ಅಂತ ನೀವೇ ಹೊಲಿಗೆ ಮಷೀನಿನ ಮುಂದೆ ಕೂತು ಹೇಳಬಹುದು. ಬೀಜಗಣಿತ ಬರಬೇಕಾಗಿಲ್ಲ. ಯ ಜಾಗದಲ್ಲಿ 10 ಹಾಕಿ.

12ಯ³ ಅಂದರೆ 12000. 6ಯ² ಅಂದರೆ 600. 3ಯ ಅಂದರೆ 30. ಒಟ್ಟು 12630. ಇದನ್ನು 3ಯ, ಅಂದರೆ 30ರಿಂದ ಭಾಗಿಸಿ. 421 ಬರುತ್ತದೆ. ಸರಿ ಉತ್ತರ 4ಯ² + 2ಯ + 1 ನೋಡಿ: 400 + 20 + 1 = 421. ನಿಮ್ಮ ಮಗ ಬರೆದದ್ದು 400 + 20 = 420. ಅದನ್ನು 30ರಿಂದ ಗುಣಿಸಿದರೆ 12600. ಇರಬೇಕಾದದ್ದು 12630. ಆ 30 ಎಲ್ಲಿ ಹೋಯಿತು ಮಗನೆ ಅಂತ ಕೇಳಿ. ಅವನು ಹೊಡೆದು ಹಾಕಿದ 3ಯ ಅದೇ.

421ನ್ನು ಇನ್ನೊಮ್ಮೆ ನೋಡಿ. 4 ನೂರು, 2 ಹತ್ತು, 1 ಬಿಡಿ. ಸಣ್ಣ ತರಗತಿಯಲ್ಲಿ ನೂರು, ಹತ್ತು, ಬಿಡಿ ಅಂತ ಕಲಿತದ್ದೂ ಒಂದು ಬಹುಪದೋಕ್ತಿಯೇ. 639ನ್ನು 3ರಿಂದ ಭಾಗಿಸುವಾಗ ಆರಕ್ಕೆ ಎರಡು, ಮೂರಕ್ಕೆ ಒಂದು, ಒಂಬತ್ತಕ್ಕೆ ಮೂರು ಅಂತ 213 ಬರೆಯುತ್ತಿದ್ದೆವಲ್ಲ? ಅಲ್ಲಿ ಮೂರಕ್ಕೆ ಮೂರು ಹೊಡೆದು ಹೋಯಿತು ಅಂತ ನಡುವಿನ 1 ಬಿಟ್ಟು 23 ಅಂತ ಯಾರಾದರೂ ಬರೆಯುತ್ತಿದ್ದರೇ? ನಾಲ್ಕನೇ ತರಗತಿಯಲ್ಲಿ ಮಾಡದ ತಪ್ಪನ್ನು ಎಂಟನೇ ತರಗತಿಯಲ್ಲಿ ಮಾಡುತ್ತೇವೆ, ಯಾಕೆಂದರೆ ಅಕ್ಷರ ಕಂಡ ಕೂಡಲೇ ತಲೆ ಕೆಲಸ ನಿಲ್ಲಿಸುತ್ತದೆ.

10 ಹಾಕುವ ಉಪಾಯ ಸುಲಭ, ಆದರೆ ಅದಕ್ಕೂ ಮೋಸ ಹೋಗಬಹುದು. ಅಪರೂಪಕ್ಕೆ ತಪ್ಪು ಉತ್ತರವೂ ಒಂದು ಬೆಲೆಗೆ ಸರಿ ಕಾಣಬಹುದು. ಪೂರ್ತಿ ಭರವಸೆ ಬೇಕಾದರೆ ಬಂದ ಉತ್ತರವನ್ನು ಭಾಜಕದಿಂದ ಗುಣಿಸಿ, ಭಾಜ್ಯ ಮರಳಿ ಬರುತ್ತದೋ ನೋಡಬೇಕು. 3ಯ × 4ಯ² = 12ಯ³. 3ಯ × 2ಯ = 6ಯ². 3ಯ × 1 = 3ಯ. ಮೂರೂ ಬಂದವು. ಇನ್ನೂ ಒಂದು ಬೇಗದ ಪರೀಕ್ಷೆ: ಮೇಲೆ ಎಷ್ಟು ಪದ ಇದ್ದವೋ ಉತ್ತರದಲ್ಲೂ ಅಷ್ಟೇ ಪದ ಇರಬೇಕು. ಮೇಲೆ ಸಜಾತಿ ಪದಗಳನ್ನೆಲ್ಲ ಮೊದಲೇ ಕೂಡಿಸಿಟ್ಟಿದ್ದರೆ ಇದು ಎಂದೂ ತಪ್ಪುವುದಿಲ್ಲ. ಮೂರು ಪದ ಒಳಗೆ ಹೋಗಿ ಎರಡು ಹೊರಗೆ ಬಂದರೆ ಒಂದು ಎಲ್ಲೋ ಬಿದ್ದಿದೆ.

ಭಾಜಕದಲ್ಲೇ ಮೈನಸ್ ಇದ್ದರೆ ಪ್ರತಿ ಪದದ ಚಿಹ್ನೆಯೂ ತಿರುಗುತ್ತದೆ. (15ಯ³ − 10ಯ² + 5ಯ) ÷ (−5ಯ) = −3ಯ² + 2ಯ − 1. ಮಕ್ಕಳು ಮೊದಲ ಪದಕ್ಕೆ ತಿರುಗಿಸಿ, ಎರಡನೆಯದಕ್ಕೆ ಬರುವಷ್ಟರಲ್ಲಿ ಮರೆತಿರುತ್ತಾರೆ. ಇದಕ್ಕೆ ಅಭ್ಯಾಸ ಬಿಟ್ಟರೆ ಬೇರೆ ಔಷಧ ಇಲ್ಲ.

ಇನ್ನೊಂದು ಬಲೆ ಇದೆ. 'ಎಲ್ಲಕ್ಕೂ ಪಾಲು' ಅಂತ ನಾನು ಹೇಳಿದ್ದನ್ನು ಕೇಳಿ ಹುಡುಗ ಗುಣಾಕಾರ ಇದ್ದ ಕಡೆಯೂ ಅದನ್ನೇ ಮಾಡಿಬಿಡಬಹುದು. (9ಯ × 6ಯ) ÷ 3ಯ. ಇಲ್ಲಿ ಎರಡನ್ನೂ ಭಾಗಿಸಿ 3 × 2 = 6 ಅಂದರೆ ತಪ್ಪು. ನಿಮ್ಮ ಹೊಲಿಗೆಯಲ್ಲೇ ನೋಡಿ. 9 ಕುಪ್ಪಸ, ಒಂದೊಂದಕ್ಕೆ 6 ಹುಕ್ಕು. ಒಟ್ಟು 54. ಮೂವರು ಹೆಣ್ಣುಮಕ್ಕಳು ಕೆಲಸ ಹಂಚಿಕೊಂಡರೆ ಒಬ್ಬೊಬ್ಬರಿಗೆ 3 ಕುಪ್ಪಸ. ಆದರೆ ಕುಪ್ಪಸಕ್ಕೆ ಹುಕ್ಕು ಆರೇ ಇರುತ್ತವೆ, ಎರಡಕ್ಕೆ ಇಳಿಯುವುದಿಲ್ಲ. ಹಾಗಾಗಿ 3 × 6 = 18 ಹುಕ್ಕು. ಲೆಕ್ಕದಲ್ಲೂ ಹಾಗೇ: 9ಯ ಒಂದನ್ನೇ ಭಾಗಿಸಿ, 3 × 6ಯ = 18ಯ. ಪ್ಲಸ್ ಮೈನಸ್ ಇದ್ದಲ್ಲಿ ಎಲ್ಲಕ್ಕೂ ಪಾಲು, ಗುಣಾಕಾರ ಇದ್ದಲ್ಲಿ ಒಂದಕ್ಕೆ ಮಾತ್ರ. ಕುಪ್ಪಸ ಮತ್ತು ಹುಕ್ಕಿನ ಲೆಕ್ಕ ನೆನಪಿದ್ದರೆ ಇದು ಮರೆಯುವುದಿಲ್ಲ.

ಈಗ ನಿಮ್ಮ ಎರಡನೇ ಲೆಕ್ಕ, (8ಯ² + 5) ÷ 4ಯ. ನನಗೆ ಮೊದಲನೆಯದಕ್ಕಿಂತ ಇದೇ ಇಷ್ಟ.

8ಯ² ÷ 4ಯ = 2ಯ. ಇದು ಸರಿ ಮಾಡಿದ್ದಾನೆ. ಆಮೇಲೆ 5ನ್ನು 4ಯದಿಂದ ಭಾಗಿಸಬೇಕು. ಅಲ್ಲಿ ಹುಡುಗ ಕೈ ಎತ್ತಿದ. ಐದು ನಾಲ್ಕರಿಂದ ಸರಿಯಾಗಿ ಹೋಗುವುದಿಲ್ಲ, ಮೇಲೆ ಯ ಬೇರೆ ಇಲ್ಲ. ಹೋಗಲಿ ಬಿಡು ಅಂತ 5ನ್ನು ಹಾಗೇ ಇಳಿಸಿದ. ಹಾಗೆ ಬಿಡಲು ಬರುವುದಿಲ್ಲ. ಸರಿಯಾಗಿ ಹೋಗದಿದ್ದರೆ ಭಿನ್ನರಾಶಿಯಾಗಿ ನಿಲ್ಲುತ್ತದೆ: 2ಯ + 5/(4ಯ). ಇದೇ ಉತ್ತರ. ಯ ಜಾಗದಲ್ಲಿ 10 ಹಾಕಿದರೆ 805 ÷ 40, ಅಂದರೆ 20.125. ನಮ್ಮ ಉತ್ತರ 20 + 5/40, ಅದೂ 20.125. ಅವನ ಉತ್ತರ 25. ಎಷ್ಟು ದೂರ ಹೋಯಿತು ನೋಡಿ.

ಇಂಥ ಉತ್ತರವನ್ನು ಬಹುಪದೋಕ್ತಿ ಅನ್ನುವುದಿಲ್ಲ, ಯಾಕೆಂದರೆ ಯ ಛೇದಕ್ಕೆ ಇಳಿದಿದೆ. ಆದರೂ ಉತ್ತರ ಸರಿಯೇ. ಉತ್ತರ ಅಂದಮೇಲೆ ಚೊಕ್ಕವಾಗಿರಬೇಕು ಅನ್ನುವ ಭ್ರಮೆ ಮಕ್ಕಳಿಗೆ ಇರುತ್ತದೆ. ಅಭ್ಯಾಸದ ಲೆಕ್ಕಗಳೆಲ್ಲ ಹಾಗೇ ಆರಿಸಿ ಇಟ್ಟಿರುತ್ತವೆ, ಅದಕ್ಕೇ ಈ ಭ್ರಮೆ.

ಇದರಿಂದ ಏನು ಉಪಯೋಗ ಅಂತ ಕೇಳಿದ್ದೀರಿ. ಈ ಚೊಕ್ಕವಲ್ಲದ ಲೆಕ್ಕದಲ್ಲೇ ಉತ್ತರ ಇದೆ. ನೀವು ಒಂದು ಕೋಣೆ ಬಾಡಿಗೆಗೆ ಹಿಡಿದು ಹೊಲಿಗೆ ಹಾಕಿದ್ದೀರಿ ಅಂದುಕೊಳ್ಳಿ. ತಿಂಗಳಿಗೆ ಬಾಡಿಗೆ 1800 ರೂಪಾಯಿ. ಒಂದು ಕುಪ್ಪಸಕ್ಕೆ ಅಸ್ತರು, ದಾರ, ಹುಕ್ಕು ಸೇರಿ 60 ರೂಪಾಯಿ. ತಿಂಗಳಿಗೆ ಯ ಕುಪ್ಪಸ ಹೊಲಿದರೆ ಒಟ್ಟು ಖರ್ಚು 60ಯ + 1800. ಒಂದು ಕುಪ್ಪಸಕ್ಕೆ ಎಷ್ಟು ಬಿತ್ತು? ಯದಿಂದ ಭಾಗಿಸಿ. 60 + 1800/ಯ.

ಎರಡು ಪದ, ಎರಡರ ನಡತೆಯೂ ಬೇರೆ. 60 ಅಲುಗುವುದಿಲ್ಲ. ನೀವು ಒಂದು ಹೊಲಿದರೂ ಅಷ್ಟೇ, ನೂರು ಹೊಲಿದರೂ ಅಷ್ಟೇ. 1800/ಯ ಮಾತ್ರ ಕೆಲಸ ಹೆಚ್ಚಿದಂತೆ ಕರಗುತ್ತದೆ. ತಿಂಗಳಿಗೆ 30 ಕುಪ್ಪಸ ಆದರೆ ಬಾಡಿಗೆಯ ಪಾಲು 60, ಒಂದಕ್ಕೆ ಒಟ್ಟು 120 ರೂಪಾಯಿ ಖರ್ಚು. 90 ಆದರೆ ಬಾಡಿಗೆಯ ಪಾಲು 20ಕ್ಕೆ ಇಳಿದು ಒಟ್ಟು 80. ಹಬ್ಬದ ತಿಂಗಳು ಮತ್ತು ಆಷಾಢದ ನಡುವೆ ಕೈಯಲ್ಲಿ ಉಳಿಯುವ ದುಡ್ಡಿನ ವ್ಯತ್ಯಾಸ ನಿಮಗೆ ಲೆಕ್ಕ ಇಲ್ಲದೆಯೂ ಗೊತ್ತಿರುತ್ತದೆ. ಅದು ಯಾಕೆ ಅಂತ ಈ ಒಂದು ಸಾಲು ಹೇಳುತ್ತದೆ. ಪದ ಪದ ಬಿಡಿಸಿ ಭಾಗಿಸಿದ್ದಕ್ಕೇ ಅದು ಕಂಡಿತು. ಮುಧೋಳದ ಕಡೆಯ ಬೆಲ್ಲದ ಗಾಣಕ್ಕೂ ಇದೇ ಲೆಕ್ಕ, ನಮ್ಮ ತಿಕೋಟಾ ಕಡೆ ಒಣದ್ರಾಕ್ಷಿ ಮಾಡುವವರಿಗೂ ಇದೇ ಲೆಕ್ಕ. ನಿಮ್ಮ ಮಗನ ತರ 1800ನ್ನು ಹಾಗೇ ಇಳಿಸಿದರೆ ಒಂದು ಕುಪ್ಪಸಕ್ಕೆ 1860 ರೂಪಾಯಿ ಖರ್ಚು! ಗಿರಾಕಿ ಬಾಗಿಲಿಂದಲೇ ತಿರುಗಿ ಹೋಗುತ್ತಾಳೆ.

ಇದಕ್ಕೆ ಅಣ್ಣತಮ್ಮನಂಥ ತಪ್ಪು ಇನ್ನೂ ಒಂದಿದೆ. (ಯ + 6)/ಯ ಕಂಡ ಕೂಡಲೇ ಮೇಲಿನ ಯ ಕೆಳಗಿನ ಯ ಹೊಡೆದು 6 ಅನ್ನುವುದು. ಇದು ಕಾಲೇಜಿಗೆ ಹೋದ ಮೇಲೂ ಬಿಡದ ಚಾಳಿ. ಯ ಜಾಗದಲ್ಲಿ 2 ಹಾಕಿ: 8 ÷ 2 = 4. ಆರು ಎಲ್ಲಿ ಬಂತು? ಸರಿ ಉತ್ತರ 1 + 6/ಯ. ಮತ್ತೆ ಅದೇ 1, ನೋಡಿ. ಹಾಗೆಯೇ ಮೇಲಿನದನ್ನು ಒಡೆದ ಹಾಗೆ ಕೆಳಗಿನದನ್ನು ಒಡೆಯಲು ಬರುವುದಿಲ್ಲ. 12/(3 + 1) ಅಂದರೆ 12 ÷ 4 = 3. ಅದನ್ನು 12/3 + 12/1 ಅಂತ ಒಡೆದರೆ 16. ನಾಲ್ಕು ಮಂದಿಗೆ ಒಟ್ಟಿಗೆ ಹಂಚುವುದೇ ಬೇರೆ, ಮೂವರಿಗೆ ಒಮ್ಮೆ, ಮತ್ತೊಬ್ಬನಿಗೆ ಮತ್ತೆ ಪೂರ್ತಿ ಹನ್ನೆರಡು ಕೊಡುವುದೇ ಬೇರೆ. ಕೆಳಗೆ ಎರಡು ಪದ ಇದ್ದರೆ ಅದಕ್ಕೆ ಬೇರೆ ದಾರಿ ಇದೆ. ಅವನು ಮುಂದಿನ ತರಗತಿಗಳಲ್ಲಿ ಕಲಿಯುತ್ತಾನೆ. ಈಗ ಅವಸರ ಬೇಡ.

ಇನ್ನು ಎಕ್ಸ್ ತೆಗೆದು ಯ ಹಾಕಿದ್ದೇಕೆ? ಭಾಸ್ಕರಾಚಾರ್ಯ ಬೀಜಗಣಿತ ಬರೆದಾಗ ಎಕ್ಸ್ ಇರಲಿಲ್ಲ. ಗೊತ್ತಿಲ್ಲದ ಬೆಲೆಗೆ ಆಗಿನವರು ಯಾವತ್ತಾವತ್ ಅನ್ನುತ್ತಿದ್ದರು. 'ಎಷ್ಟೋ ಅಷ್ಟು' ಅಂತ ಅರ್ಥ. ಬರೆಯುವಾಗ ಚಿಕ್ಕದಾಗಿ ಯಾ. ಎರಡನೆಯ ಗೊತ್ತಿಲ್ಲದ ಬೆಲೆ ಬಂದರೆ ಕಾಲಕ, ಅಂದರೆ ಕಪ್ಪು, ಬರೆಯುವಾಗ ಕಾ. ಆಮೇಲೆ ನೀಲಕಕ್ಕೆ ನೀ, ಪೀತಕಕ್ಕೆ ಪೀ. ಎಲ್ಲ ಬಣ್ಣದ ಹೆಸರು. ನಿಮ್ಮ ದಾರದ ಡಬ್ಬಿಯ ಹಾಗೆ. ಅಕ್ಷರ ಇಲ್ಲದ ಬರೀ ಅಂಕಿಗೆ ರೂ ಅಂತ ಬರೆಯುತ್ತಿದ್ದರು. ಕೂಡುವ ಪದಕ್ಕೆ ಧನ, ಕಳೆಯುವ ಪದಕ್ಕೆ ಋಣ ಅಂತ ಹೆಸರು. ಋಣ ಅಂದರೆ ಸಾಲ. ನಾನು ವಾಟ್ನಿಯಲ್ಲಿ ಸಾಲವನ್ನು ಮೈನಸ್ ಪದಕ್ಕೆ ಇಟ್ಟದ್ದು ನನ್ನ ಜಾಣತನ ಏನಲ್ಲ, ಹಳೆಯ ಮಾತೇ.

ಭಾಸ್ಕರಾಚಾರ್ಯ ಹುಟ್ಟಿದ್ದು 1114ರಲ್ಲಿ. 36ನೇ ವಯಸ್ಸಿನಲ್ಲಿ, 1150ರಲ್ಲಿ, ಸಿದ್ಧಾಂತ ಶಿರೋಮಣಿ ಬರೆದ. ಬೀಜಗಣಿತ ಅದರದೇ ಒಂದು ಭಾಗ ಅಂತ ಹೇಳುವುದು ವಾಡಿಕೆ. ತನ್ನ ಊರು ಸಹ್ಯಾದ್ರಿಯ ಕಡೆಯ ವಿಜ್ಜಡವಿಡ ಅಂತ ಅವನೇ ಬರೆದಿದ್ದಾನೆ. ಆ ಊರು ನಮ್ಮ ವಿಜಯಪುರವೇ ಅಂತ ಇಲ್ಲಿಯವರು ಎದೆ ತಟ್ಟಿ ಹೇಳುತ್ತೇವೆ. ಮಹಾರಾಷ್ಟ್ರದವರು ಒಪ್ಪುವುದಿಲ್ಲ. ಅವನ ಗ್ರಂಥಗಳನ್ನು ಓದಿಸಲು ಮೊಮ್ಮಗ ಚಾಂಗದೇವ ಮಠ ಮಾಡಿಸಿದ ಶಾಸನ ಚಾಳೀಸಗಾಂವ ಹತ್ತಿರ ಸಿಕ್ಕಿದೆ, ಅವರ ಕೈಯಲ್ಲಿ ಅದೊಂದು ಗಟ್ಟಿ ಆಧಾರ. ಗಡಿ ಜಗಳ ನಮಗೆ ಹೊಸದೇನಲ್ಲ ಬಿಡಿ. ನನ್ನ ಮಟ್ಟಿಗೆ ಮಕ್ಕಳಿಗೆ ಯಾ, ಕಾ ಹೇಳಿಕೊಟ್ಟರೆ ಅಷ್ಟು ಸಾಕು. ಅಕ್ಷರ ತಮ್ಮದಾದರೆ ಅವರಿಗೆ ಅಂಜಿಕೆ ಸ್ವಲ್ಪ ಕಡಿಮೆ. ಅದೇ ಅಕ್ಷರದಲ್ಲಿ ಎರಡು ಬಣ್ಣದ ಲೆಕ್ಕವೂ ಬರುತ್ತದೆ: (18ಯ²ಕ + 12ಯಕ²) ÷ 6ಯಕ = 3ಯ + 2ಕ. ಅಂಕಿಗೆ ಅಂಕಿ, ಯಕ್ಕೆ ಯ, ಕಕ್ಕೆ ಕ. ಹೊಸದೇನೂ ಇಲ್ಲ. ಪರೀಕ್ಷೆಯಲ್ಲಿ ಮಾತ್ರ ಎಕ್ಸ್ ಅಂತಲೇ ಬರೆಯಲಿ, ಇಲ್ಲದಿದ್ದರೆ ಪೇಪರ್ ತಿದ್ದುವವರು ನನ್ನನ್ನು ಬೈಯುತ್ತಾರೆ.

ಭಾಸ್ಕರಾಚಾರ್ಯನ ನೆನಪಾದ ಮೇಲೆ ಇದನ್ನೂ ಹೇಳಿಬಿಡುತ್ತೇನೆ. 3ಯದಿಂದ ಭಾಗಿಸುವಾಗ ನಾವೆಲ್ಲ ಬಾಯಿಬಿಟ್ಟು ಹೇಳದ ಒಂದು ಕರಾರು ಇದೆ: ಯ ಸೊನ್ನೆ ಆಗಿರಬಾರದು. ಯ ಸೊನ್ನೆ ಆಗಿಬಿಟ್ಟರೆ 3ಯವೂ ಸೊನ್ನೆ, ಸೊನ್ನೆ ಮಂದಿಗೆ ಹಂಚುವುದು ಹೇಗೆ? ಸೊನ್ನೆಯಿಂದ ಭಾಗಿಸಿದ ರಾಶಿಗೆ ಭಾಸ್ಕರ ಖಹರ ಅಂತ ಹೆಸರಿಟ್ಟ. ಅದಕ್ಕೆ ಎಷ್ಟು ಕೂಡಿಸಿದರೂ ಎಷ್ಟು ಕಳೆದರೂ ಬದಲಾಗುವುದಿಲ್ಲ, ಅನಂತನಾದ ಅಚ್ಯುತನ ಹಾಗೆ ಅಂದ. ಅವನಿಗಿಂತ ಸುಮಾರು ಮುನ್ನೂರು ವರ್ಷ ಮೊದಲು, ರಾಷ್ಟ್ರಕೂಟರ ಅಮೋಘವರ್ಷನ ಕಾಲದಲ್ಲಿ ಮಹಾವೀರಾಚಾರ್ಯ, ಸೊನ್ನೆಯಿಂದ ಭಾಗಿಸಿದರೆ ಸಂಖ್ಯೆ ಹಾಗೇ ಉಳಿಯುತ್ತದೆ ಅಂದಿದ್ದ. ಈಗಿನ ಗಣಿತ ಎರಡನ್ನೂ ಒಪ್ಪುವುದಿಲ್ಲ, ಸೊನ್ನೆಯಿಂದ ಭಾಗಿಸಲೇಬೇಡಿ ಅನ್ನುತ್ತದೆ. ಅಂಥ ದೊಡ್ಡವರೇ ಈ ಜಾಗದಲ್ಲಿ ತಡವರಿಸಿದ್ದಾರೆ. ನಿಮ್ಮ ಮಗ ಒಂದು 1 ಬಿಟ್ಟರೆ ಬೈಯಬೇಡಿ.

ಸಂಜೆ ಮಷೀನು ನಿಲ್ಲಿಸಿದ ಮೇಲೆ ಅವನನ್ನು ಪಕ್ಕ ಕೂರಿಸಿಕೊಂಡು ಇದೊಂದು ಲೆಕ್ಕ ಕೊಡಿ: (20ಯ³ − 8ಯ² + 4ಯ) ÷ 4ಯ. ಅವನು ಉತ್ತರ ಬರೆಯಲಿ, ನೀವು ನೋಡಬೇಡಿ. ಯ ಜಾಗದಲ್ಲಿ 10 ಹಾಕಿದರೆ ಎಷ್ಟು ಬಂತು ಅಂತ ಕೇಳಿ. ಮೇಲೆ 19240, ಕೆಳಗೆ 40. ಅವನು 481 ಅಂದರೆ ಸರಿ. 521 ಅಂದರೆ ಮೈನಸ್ ಮರೆತಿದ್ದಾನೆ. 480 ಅಂದರೆ ಮೂರು ರೊಟ್ಟಿ ಮೂರು ಮಂದಿಯ ಕತೆ ಇನ್ನೊಮ್ಮೆ ಹೇಳಿ.